ಎರಡು ಮದುವೆ, ಒಂದು ಗಡಿ

ಸ್ಪೇನ್ ಮತ್ತು ಪೋರ್ಚುಗಲ್ ನಡುವಿನ ಗಡಿ ಯುರೋಪಿನ ಅತಿ ಹಳೆಯ ಗಡಿಗಳಲ್ಲಿ ಒಂದು. ಅದರ ಬಹುಭಾಗ ತೀರ್ಮಾನವಾದದ್ದು ಎರಡು ಮದುವೆಗಳ ಮಾತುಕತೆಯ ಜೊತೆಗೆ. ಗಡಿನಾಡಿನವರಾದ ನಾವು ತಿಳಿದುಕೊಳ್ಳಬೇಕಾದ ಕಥೆಯಿದು.

ಆಗ ಪೋರ್ಚುಗಲ್ಲಿನ ದೊರೆ ದಿನೀಶ್. ತಾನೇ ಹಾಡು ಕಟ್ಟುತ್ತಿದ್ದ ಕವಿ. ಆಡಳಿತದ ಬರಹಕ್ಕೆ ಲ್ಯಾಟಿನ್ ಬದಲು ಜನರ ಮಾತನ್ನು ತಂದವನು. ನೆರೆಯ ಕ್ಯಾಸ್ಟೀಲ್ ರಾಜ್ಯದಲ್ಲಿ ನಾಲ್ಕನೆಯ ಸಾಂಚೊ 1295ರಲ್ಲಿ ತೀರಿಕೊಂಡಾಗ ಮಗ ಫರ್ನಾಂಡೊನಿಗೆ ಒಂಬತ್ತೇ ವರ್ಷ. ಅವನ ತಂದೆತಾಯಿ ಹತ್ತಿರದ ಸಂಬಂಧಿಗಳು. ಪೋಪರ ಅಪ್ಪಣೆಯಿಲ್ಲದೆ ಮದುವೆಯಾದವರು. ಹಾಗಾಗಿ ಹುಡುಗನ ಹಕ್ಕೇ ಪ್ರಶ್ನೆಗೊಳಗಾಯಿತು. ಚಿಕ್ಕಪ್ಪ, ದಾಯಾದಿಗಳು ಪಟ್ಟಕ್ಕೆ ಕೈಚಾಚಿದರು. ದಿನೀಶನೂ 1296ರಲ್ಲಿ ದಂಡೆತ್ತಿ ಬಂದು ಕೋವಾ ನದಿಯ ಕಡೆಯ ಕೋಟೆಗಳನ್ನು ಹಿಡಿದ.

ರಾಜಮಾತೆ ಮರಿಯಾ ದೆ ಮೊಲಿನ ಜಾಣೆ. ನೆಲ ಕೊಟ್ಟಾದರೂ ಮಗನ ಪಟ್ಟ ಉಳಿಸಲು ನಿಶ್ಚಯಿಸಿದಳು. 1297ರ ಸೆಪ್ಟೆಂಬರ್ 12ರಂದು ಅಲ್ಕಾನ್ಯೀಸೆಸ್ ಎಂಬಲ್ಲಿ ಒಪ್ಪಂದವಾಯಿತು. ಕೋವಾ ಪ್ರದೇಶದೊಂದಿಗೆ ಒಲಿವೆನ್ಸ, ಕಾಂಪೊ ಮಯೋರ್ ಮುಂತಾದ ಊರುಗಳು ಪೋರ್ಚುಗಲ್ಲಿಗೆ ಸೇರಿದವು. ಜೊತೆಗೆ ಹೆಣ್ಣು ಕೊಟ್ಟು ತರುವ ಮಾತೂ ಆಯಿತು. ದಿನೀಶನ ಏಳು ವರ್ಷದ ಮಗಳು ಕಾನ್‌ಸ್ಟಾನ್ಸ ಫರ್ನಾಂಡೊನಿಗೆ. ಫರ್ನಾಂಡೊನ ನಾಲ್ಕು ವರ್ಷದ ತಂಗಿ ಬಿಯಾತ್ರಿಸ್ ದಿನೀಶನ ಮಗ ಅಫೊನ್ಸೊನಿಗೆ. ಆಟವಾಡುವ ವಯಸ್ಸಿನ ಬಿಯಾತ್ರಿಸ್ ಗಂಡನ ಮನೆಯಲ್ಲೇ ಬೆಳೆದಳು. ಮದುವೆಗಳು 1302 ಮತ್ತು 1309ರಲ್ಲಿ ನಡೆದವು.

ಸಂಬಂಧ ಅಲ್ಲಿಗೇ ನಿಲ್ಲಲಿಲ್ಲ. ಕಾನ್‌ಸ್ಟಾನ್ಸಳ ಮಗ ಹನ್ನೊಂದನೆಯ ಅಲ್ಫೊನ್ಸೊ 1328ರಲ್ಲಿ ಬಿಯಾತ್ರಿಸ್‌ಳ ಮಗಳು ಮರಿಯಾಳನ್ನು ವರಿಸಿದ. ನಮ್ಮ ಲೆಕ್ಕದಲ್ಲಿ ಅವಳು ಅವನಿಗೆ ಸೋದರಮಾವನ ಮಗಳೂ ಹೌದು, ಸೋದರತ್ತೆಯ ಮಗಳೂ ಹೌದು. ನಮ್ಮಲ್ಲಿ ಅನೇಕ ಮನೆಗಳಲ್ಲಿ ಇದು ವಾಡಿಕೆಯ ಸಂಬಂಧ. ಅಲ್ಲಿನ ಚರ್ಚಿಗೆ ನಿಷಿದ್ಧ, ಪೋಪರ ವಿಶೇಷ ಅಪ್ಪಣೆ ಬೇಕು. ಅಪ್ಪಣೆ ಬಂತು, ಸುಖ ಬರಲಿಲ್ಲ. ಅಲ್ಫೊನ್ಸೊ ಮರಿಯಾಳನ್ನು ಕಡೆಗಣಿಸಿ ಲಿಯೊನೊರ್ ದೆ ಗುಸ್ಮಾನ್ ಎಂಬವಳ ಜೊತೆ ಬಾಳಿದ. 1336ರಿಂದ 1339ರವರೆಗೆ ಮಾವ ಅಳಿಯಂದಿರೇ ಕಾದಾಡಿದರು. 1369ರಲ್ಲಿ ಮರಿಯಾಳ ಮಗ ಪೇದ್ರೊನನ್ನು ಲಿಯೊನೊರ್‌ಳ ಮಗ ಎನ್ರೀಕೆ ಕೊಂದು ಪಟ್ಟವೇರಿದ. ಶಾಂತಿಗೆಂದು ಕಟ್ಟಿದ ನಂಟು ಎರಡು ತಲೆಮಾರಿನಲ್ಲಿ ಕಡಿದುಹೋಯಿತು. ಅಂದು ಎಳೆದ ಗೆರೆ ಮಾತ್ರ ಬಹುಮಟ್ಟಿಗೆ ಹಾಗೆಯೇ ನಿಂತಿತು.

ಹಾಗೆ ನಿಲ್ಲದ ಒಂದು ಊರು ಒಲಿವೆನ್ಸ. ಐನೂರು ವರ್ಷ ಪೋರ್ಚುಗಲ್ಲಿನದಾಗಿ ಆ ಭಾಷೆಯಲ್ಲೇ ಬಾಳಿದ ಈ ಊರನ್ನು 1801ರ ಯುದ್ಧದಲ್ಲಿ ಸ್ಪೇನ್ ಕಿತ್ತುಕೊಂಡಿತು. 1297ರಲ್ಲಾಗಲಿ 1801ರಲ್ಲಾಗಲಿ ಊರಿನವರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಕಚೇರಿ, ಶಾಲೆಗಳ ಮಾತು ಸ್ಪ್ಯಾನಿಷ್ ಆಯಿತು. ಹಾಗಿದ್ದರೂ ಮುಂದಿನ ಒಂದು ಶತಮಾನಕ್ಕೂ ಮೀರಿ ಪೋರ್ಚುಗೀಸ್ ಮನೆಮಾತಾಗಿ ಉಳಿಯಿತು. ಅದು ಕ್ಷೀಣಿಸಿದ್ದು ಇಪ್ಪತ್ತನೆಯ ಶತಮಾನದಲ್ಲಿ, ತಂದೆತಾಯಿ ತಮ್ಮತಮ್ಮೊಳಗೆ ಪೋರ್ಚುಗೀಸ್ ಆಡುತ್ತಾ ಮಕ್ಕಳೊಡನೆ ಸ್ಪ್ಯಾನಿಷ್ ಆಡತೊಡಗಿದ ಮೇಲೆ. ಮಕ್ಕಳ ಓದು, ಉದ್ಯೋಗಗಳ ಚಿಂತೆ ಅವರಿಗೂ ಇತ್ತು, ಅವರನ್ನು ದೂರುವಂತಿಲ್ಲ.

ಇಂದು ಒಲಿವೆನ್ಸದ ಬೀದಿಗಳಲ್ಲಿ ಹಳೆಯ ಪೋರ್ಚುಗೀಸ್ ಹೆಸರಿನ ಫಲಕಗಳು ಮತ್ತೆ ಗೋಡೆಯೇರಿವೆ. ಆ ಭಾಷೆಯನ್ನು ತಾಯಿಯಿಂದ ಕಲಿತವರು ಊರಿನ ಹಿರಿಯರಲ್ಲಿ ಕೆಲವರಷ್ಟೆ. ಫಲಕವನ್ನು ಎಂದಾದರೂ ತೂಗುಹಾಕಬಹುದು. ಮನೆಯಲ್ಲಿ ನಿಂತ ಮಾತನ್ನು ಮತ್ತೆ ಹಚ್ಚುವುದು ಅಷ್ಟು ಸುಲಭವಲ್ಲ.