ಕ್ಯಾಪಿಟಲ್ ಕಾಂಪ್ಲೆಕ್ಸ್, ಚಂಡೀಗಢ

ಪಂಜಾಬ್ ಮತ್ತು ಹರಿಯಾಣ ರಾಜ್ಯಗಳ ಜಂಟಿ ರಾಜಧಾನಿ ಚಂಡೀಗಢದ ಆಡಳಿತ ಕೇಂದ್ರ. ಶಿವಾಲಿಕ್ ಬೆಟ್ಟಸಾಲಿನ ಹಿನ್ನೆಲೆಯಲ್ಲಿ, ನಗರದ ಈಶಾನ್ಯ ತುದಿಯ 1ನೇ ಸೆಕ್ಟರ್‌ನಲ್ಲಿದೆ. ದೇಶವಿಭಜನೆಯಿಂದ ಲಾಹೋರ್ ಪಾಕಿಸ್ತಾನಕ್ಕೆ ಸೇರಿದ್ದರಿಂದ ಪಂಜಾಬಿಗೆ ಹೊಸ ರಾಜಧಾನಿ ಅಗತ್ಯವಾಯಿತು. ಸಂಕೀರ್ಣದ ವಿನ್ಯಾಸಕಾರ ಸ್ವಿಸ್-ಫ್ರೆಂಚ್ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ (1887–1965).

ಉಚ್ಚ ನ್ಯಾಯಾಲಯ, ಸಚಿವಾಲಯ ಮತ್ತು ವಿಧಾನಸಭೆ ಇಲ್ಲಿನ ಮುಖ್ಯ ಕಟ್ಟಡಗಳು. ಮೂರಕ್ಕೂ ಗಿಲಾವು ಮಾಡದ ಒರಟು ಕಾಂಕ್ರೀಟೇ ಹೊರಮೈ. ನ್ಯಾಯಾಲಯದ ಮೇಲೆ ಕೊಡೆಯಂತೆ ಹರಡಿದ ಎರಡನೆಯ ಚಾವಣಿ ಬಿಸಿಲು, ಮಳೆಗಳನ್ನು ತಡೆಯುತ್ತದೆ. ಎರಡು ಚಾವಣಿಗಳ ನಡುವೆ ಗಾಳಿಯಾಡುತ್ತದೆ. ಸುಮಾರು 254 ಮೀಟರ್ ಉದ್ದದ ಸಚಿವಾಲಯದ ಕಿಟಕಿಗಳಿಗೆ ಬಿಸಿಲುತಡೆ ಫಲಕಗಳಿವೆ. ಮಹಡಿಗಳನ್ನು ಇಳಿಜಾರು ಹಾದಿಗಳೂ ಜೋಡಿಸುತ್ತವೆ. ವಿಧಾನಸಭಾಂಗಣದ ಹೈಪರ್ಬೊಲಾಯ್ಡ್ ಆಕಾರದ ಗೋಪುರ ಚಾವಣಿಯನ್ನು ಸೀಳಿ ಮೇಲೇಳುತ್ತದೆ.

ಕಟ್ಟಡಗಳ ನಡುವಿನ ವಿಶಾಲ ಅಂಗಳ ಪಾದಚಾರಿಗಳಿಗೆ ಮೀಸಲು. ಗಾಳಿಗೆ ತಿರುಗುವ 'ತೆರೆದ ಹಸ್ತ' ಸ್ಮಾರಕ 26 ಮೀಟರ್ ಎತ್ತರವಿದ್ದು, 1985ರಲ್ಲಿ ಸ್ಥಾಪನೆಗೊಂಡಿತು. ಯೋಜನೆಯಲ್ಲಿದ್ದ ರಾಜ್ಯಪಾಲರ ಭವನ ನಿರ್ಮಾಣವಾಗಲೇ ಇಲ್ಲ.

2016ರಲ್ಲಿ ಯುನೆಸ್ಕೊ, ಏಳು ದೇಶಗಳಲ್ಲಿರುವ ಲ ಕಾರ್ಬೂಸಿಯೆಯ 17 ಕೃತಿಗಳಲ್ಲಿ ಒಂದಾಗಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.