ಸ್ನಾಯುವಿನ ವಿದ್ಯುತ್ತು: ಗ್ಯಾಲ್ವಾನಿಗೆ ಸಲ್ಲದ ನ್ಯಾಯ

ಜಯನಗರಕ್ಕೆ ಸಮೀಪದ ಹೊಸೂರು ರಸ್ತೆಯಲ್ಲಿ 1974ರಲ್ಲಿ ಸ್ಥಾಪಿತವಾದ ನಿಮ್ಹಾನ್ಸ್‌ನಲ್ಲಿ ರೋಗಿಯ ಸ್ನಾಯುವಿಗೆ ಸೂಜಿ ಚುಚ್ಚಿ ಅದರ ವಿದ್ಯುತ್ತನ್ನು ಅಳೆಯುವುದುಂಟು. ಈ ವಿದ್ಯುತ್ತಿನ ವಿವಾದವಾದರೋ ಹಳೆಯದು. ಕಪ್ಪೆಯ ಕಾಲಿನಲ್ಲಿಯೇ ವಿದ್ಯುತ್ತಿದೆಯೆಂದು 1791ರಲ್ಲಿ ಗ್ಯಾಲ್ವಾನಿ ಸಾರಿದನು. ಅದು ಲೋಹಗಳ ಸಂಪರ್ಕದಿಂದ ಬಂದುದೆಂದು ವೋಲ್ಟಾ ಖಂಡಿಸಿದನು. 1800ರಲ್ಲಿ ವೋಲ್ಟಾನ ಬ್ಯಾಟರಿ ಪ್ರಕಟವಾದುದರಿಂದ ಗ್ಯಾಲ್ವಾನಿ ಸೋತನೆಂದೇ ನಾವು ಪಾಠ ಹೇಳುತ್ತ ಬಂದಿದ್ದೇವೆ. ಈ ತೀರ್ಪು ಅರ್ಧಸತ್ಯವೆಂದು ನಮ್ಮ ಅಭಿಪ್ರಾಯ. 1794ರಲ್ಲಿ ಕರ್ತೃವಿನ ಹೆಸರಿಲ್ಲದೆ ಹೊರಬಂದ ಗ್ರಂಥದಲ್ಲಿ, ಲೋಹದ ಸೋಂಕಿಲ್ಲದೆ, ನರದ ತುದಿ ಸ್ನಾಯುವನ್ನು ಮುಟ್ಟಿದೊಡನೆ ಕಾಲು ಸೆಟೆದ ಪ್ರಯೋಗ ವರ್ಣಿತವಾಗಿದೆ. ಪಠ್ಯಪುಸ್ತಕಗಳು ಇದನ್ನೇಕೆ ಮರೆತವೋ! ಕೋಶದ ಹೊರಗೆ ಹೆಚ್ಚಾಗಿರುವ ಸೋಡಿಯಂ ಅಯಾನುಗಳು ಉದ್ರೇಕಗೊಂಡ ಪೊರೆಯ ಮೂಲಕ ಒಳನುಗ್ಗುತ್ತವೆ, ಅನಂತರ ಪೊಟ್ಯಾಸಿಯಂ ಹೊರಹೋಗುತ್ತದೆ. 1952ರಲ್ಲಿ ಹಾಜ್‌ಕಿನ್ ಮತ್ತು ಹಕ್ಸ್‌ಲಿ ಸ್ಕ್ವಿಡ್ ಎಂಬ ಕಡಲಜೀವಿಯ ನರದಲ್ಲಿ ಇದನ್ನು ಗಣಿತದಿಂದ ನಿರೂಪಿಸಿದರು. ಸ್ನಾಯುಕೋಶದಲ್ಲಿಯೂ ಸ್ಥೂಲವಾಗಿ ಇದೇ ಕ್ರಮ. ಗ್ಯಾಲ್ವಾನಿ ಮಾತ್ರ 1798ರಲ್ಲಿಯೇ ತೀರಿಕೊಂಡಿದ್ದನು.