ಒಎನ್‌ಜಿಸಿ ಷೇರಿನ ಹಳೆಯ ಬೆಲೆ: ಓದುವುದು ಹೇಗೆ, ಬಳಸುವುದು ಎಲ್ಲಿ?

ತಂದೆ ಅಥವಾ ಅಜ್ಜ ಕೊಂಡಿಟ್ಟ ಷೇರು ಪತ್ರ ಬೀರುವಿನಲ್ಲಿ ಸಿಕ್ಕಾಗ, ಇಲ್ಲವೇ ಆಸ್ತಿ ಮಕ್ಕಳ ನಡುವೆ ಪಾಲಾಗುವಾಗ, ಮನೆಯಲ್ಲಿ ಮೊದಲು ಏಳುವ ಪ್ರಶ್ನೆ “ಆಗ ಬೆಲೆ ಎಷ್ಟಿತ್ತು, ಈಗ ಎಷ್ಟಿದೆ?” ಎಂಬುದು. ಉತ್ತರ ಮೊಬೈಲ್‌ನಲ್ಲೇ ಸಿಗುತ್ತದೆ. ಆದರೆ ಸಿಕ್ಕ ಸಂಖ್ಯೆಯನ್ನು ಹಾಗೆಯೇ ನಂಬಿದರೆ ಪಾಲಿನ ಲೆಕ್ಕವೂ ತಪ್ಪುತ್ತದೆ, ತೆರಿಗೆಯ ಲೆಕ್ಕವೂ ತಪ್ಪುತ್ತದೆ.

ದೇಶದ ಅನೇಕ ಮನೆಗಳಲ್ಲಿರುವ ಇಂಧನ ಕಂಪನಿಯ ಷೇರು ತೈಲ ಮತ್ತು ನೈಸರ್ಗಿಕ ಅನಿಲ ನಿಗಮದ್ದು, ಅಂದರೆ ಒಎನ್‌ಜಿಸಿಯದ್ದು. 2003ರಿಂದ ಮಂಗಳೂರಿನ ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರ ಇದರ ಅಂಗಸಂಸ್ಥೆಯಾಗಿರುವುದರಿಂದ ಕರಾವಳಿಯವರಿಗೂ ಇದು ಪರಿಚಿತ ಹೆಸರು. 2004ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ತನ್ನ ಪಾಲಿನ ಒಂದಷ್ಟು ಷೇರುಗಳನ್ನು ಸಾರ್ವಜನಿಕರಿಗೆ ಮಾರಿದಾಗ ನಿಗದಿಯಾದ ಬೆಲೆ 750 ರೂಪಾಯಿ. 2024ರಲ್ಲಿ ಅದೇ ಷೇರು 300 ರೂಪಾಯಿ ದಾಟಿದ್ದು ದೊಡ್ಡ ಏರಿಕೆ ಎನಿಸಿತು. ಎರಡೂ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟವರಿಗೆ ಇಪ್ಪತ್ತು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಹಣ ಕರಗಿತು ಎಂದೇ ತೋರುತ್ತದೆ. ವಾಸ್ತವ ಬೇರೆ. 2004ರ ಒಂದು ಷೇರು ಈಗ ಒಂಬತ್ತು ಷೇರುಗಳಾಗಿವೆ.

ಒಂದು ಷೇರು ಒಂಬತ್ತಾದದ್ದು

2004ರಲ್ಲಿ 100 ಷೇರು ಕೊಂಡು, ಮಾರದೆ ಇಟ್ಟುಕೊಂಡವರ ಲೆಕ್ಕ ಹೀಗಿದೆ:

• 2006: ಎರಡು ಷೇರಿಗೆ ಒಂದು ಬೋನಸ್. 100 ಇದ್ದದ್ದು 150 ಆಯಿತು.
• 2011: 10 ರೂಪಾಯಿ ಮುಖಬೆಲೆಯ ಷೇರು ತಲಾ 5 ರೂಪಾಯಿಯ ಎರಡು ಷೇರಾಯಿತು. 150 ಇದ್ದದ್ದು 300 ಆಯಿತು.
• 2011: ಜೊತೆಗೇ ಒಂದಕ್ಕೆ ಒಂದು ಬೋನಸ್. 300 ಇದ್ದದ್ದು 600 ಆಯಿತು.
• 2016: ಎರಡು ಷೇರಿಗೆ ಒಂದು ಬೋನಸ್. 600 ಇದ್ದದ್ದು 900 ಆಯಿತು.

ಹಾಕಿದ ಹಣ 75,000 ರೂಪಾಯಿ, ಕೈಯಲ್ಲಿರುವುದು 900 ಷೇರು. ಹಾಗಾಗಿ ಇಂದಿನ ಒಂದು ಷೇರಿನ ಲೆಕ್ಕದಲ್ಲಿ 2004ರ ಬೆಲೆ 83 ರೂಪಾಯಿ 33 ಪೈಸೆ. ಹೀಗೆ ಹಳೆಯ ಬೆಲೆಯನ್ನು ಇಂದಿನ ಷೇರಿಗೆ ಹೊಂದಿಸಿ ಬರೆದದ್ದನ್ನು ಹೊಂದಾಣಿಕೆ ಮಾಡಿದ ಬೆಲೆ ಎನ್ನುತ್ತಾರೆ. ಆ ದಿನ ಪೇಟೆಯಲ್ಲಿ ನಿಜವಾಗಿ ನಡೆದ ಬೆಲೆ ಮೂಲ ಬೆಲೆ.

ಬೋನಸ್ ಬಂದಾಗ ಅಥವಾ ಮುಖಬೆಲೆ ಒಡೆದಾಗ ಯಾರೂ ಶ್ರೀಮಂತರಾಗುವುದಿಲ್ಲ, ಬಡವರೂ ಆಗುವುದಿಲ್ಲ. ಒಂದು ರೊಟ್ಟಿಯನ್ನು ನಾಲ್ಕು ತುಂಡು ಮಾಡಿದಂತೆ ಅಷ್ಟೇ. 2011ರ ಫೆಬ್ರುವರಿಯಲ್ಲಿ ಈ ಷೇರಿನ ಮೂಲ ಬೆಲೆ ಒಂದೇ ದಿನದಲ್ಲಿ ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿದಂತೆ ಕಾಣಲು ಇದೇ ಕಾರಣ. ಅದು ಕುಸಿತವಲ್ಲ.

ಬೆಲೆಪಟ್ಟಿಯ ಅಂಕಣಗಳು

ಮುಂಬೈ ಷೇರು ವಿನಿಮಯ ಕೇಂದ್ರ ಬಿಎಸ್‌ಇ ಮತ್ತು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಎನ್‌ಎಸ್‌ಇ, ಎರಡರ ಜಾಲತಾಣದಲ್ಲೂ ಹಿಂದಿನ ದಿನಗಳ ಬೆಲೆ ಉಚಿತವಾಗಿ ಸಿಗುತ್ತದೆ. ಬಿಎಸ್‌ಇಯಲ್ಲಿ ಒಎನ್‌ಜಿಸಿಯ ಸಂಕೇತ ಸಂಖ್ಯೆ 500312.

ಪಟ್ಟಿಯಲ್ಲಿ ದಿನದ ಆರಂಭದ ಬೆಲೆ, ಗರಿಷ್ಠ, ಕನಿಷ್ಠ, ಮುಕ್ತಾಯದ ಬೆಲೆ ಮತ್ತು ಕೈಬದಲಾದ ಷೇರುಗಳ ಸಂಖ್ಯೆ ಇರುತ್ತವೆ. ಮುಕ್ತಾಯದ ಬೆಲೆ ಎಂದರೆ ಕೊನೆಯ ವಹಿವಾಟಿನ ಬೆಲೆ ಎಂದು ಹಲವರು ತಿಳಿದಿದ್ದಾರೆ. ಹಳೆಯ ಪಟ್ಟಿಗಳಲ್ಲಿ ಅದು ಕೊನೆಯ ಅರ್ಧ ಗಂಟೆಯ ವಹಿವಾಟುಗಳ ತೂಕದ ಸರಾಸರಿ. ಎರಡು ಕಡೆ ಕೆಲವು ಪೈಸೆ ವ್ಯತ್ಯಾಸ ಕಂಡರೆ ಗಾಬರಿಯಾಗಬೇಕಿಲ್ಲ.

ವಿನಿಮಯ ಕೇಂದ್ರಗಳ ದಿನದ ಪಟ್ಟಿಯಲ್ಲಿ ಇರುವುದು ಮೂಲ ಬೆಲೆ. ಮೊಬೈಲ್ ಆ್ಯಪ್‌ಗಳ ರೇಖಾಚಿತ್ರದಲ್ಲಿ ಸಾಮಾನ್ಯವಾಗಿ ಇರುವುದು ಹೊಂದಾಣಿಕೆ ಮಾಡಿದ ಬೆಲೆ. ಯಾವುದು ಎಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. 2004ರ ಏಪ್ರಿಲ್‌ನ ಬೆಲೆ ನೋಡಿ. ನೂರಾರು ರೂಪಾಯಿ ತೋರಿಸಿದರೆ ಮೂಲ ಬೆಲೆ. ನೂರರೊಳಗೆ ತೋರಿಸಿದರೆ ಹೊಂದಾಣಿಕೆ ಮಾಡಿದ್ದು.

ಎರಡರಲ್ಲೂ ಸಾಮಾನ್ಯವಾಗಿ ಕಾಣದಿರುವುದು ಲಾಭಾಂಶ. ಇಪ್ಪತ್ತು ವರ್ಷ ಬ್ಯಾಂಕ್ ಖಾತೆಗೆ ಬಂದ ಲಾಭಾಂಶವನ್ನು ಸೇರಿಸದೆ “ಎಷ್ಟು ಬೆಳೆಯಿತು” ಎಂದು ಹೇಳಲಾಗದು.

ಇಂಧನ ಷೇರಿನ ಏರಿಳಿತ

ಒಎನ್‌ಜಿಸಿಯ ಆದಾಯ ನಿಂತಿರುವುದು ಕಚ್ಚಾ ತೈಲದ ಜಾಗತಿಕ ಬೆಲೆ ಮತ್ತು ಸರ್ಕಾರದ ನೀತಿ, ಈ ಎರಡರ ಮೇಲೆ. 2020ರ ಮಾರ್ಚ್‌ನಲ್ಲಿ ಕೊರೊನಾ ಭಯ ಮತ್ತು ತೈಲ ಬೆಲೆಯ ಕುಸಿತ ಸೇರಿ ಷೇರು 60 ರೂಪಾಯಿಗಿಂತ ಕೆಳಗಿಳಿಯಿತು. ಹೊಂದಾಣಿಕೆಯ ಲೆಕ್ಕದಲ್ಲಿ ಅದು 2004ರ ಬೆಲೆಗಿಂತಲೂ ಕಡಿಮೆ. ಆ ದಿನ ಮಾರಿದವರಿಗೆ ಹದಿನಾರು ವರ್ಷದಲ್ಲಿ ಉಳಿದದ್ದು ಲಾಭಾಂಶ ಮಾತ್ರ.

ತೈಲ ಬೆಲೆ ಏರಿದಾಗಲೂ ಷೇರು ಏರಲೇಬೇಕೆಂದಿಲ್ಲ. 2022ರ ಜುಲೈ 1ರಂದು ದೇಶದಲ್ಲಿ ತೆಗೆಯುವ ಕಚ್ಚಾ ತೈಲದ ಮೇಲೆ ಕೇಂದ್ರ ಸರ್ಕಾರ ಟನ್‌ಗೆ 23,250 ರೂಪಾಯಿ ವಿಶೇಷ ತೆರಿಗೆ ಹಾಕಿತು. ಅಂದೇ ಷೇರು ಶೇ 10ಕ್ಕೂ ಹೆಚ್ಚು ಬಿತ್ತು. ಆ ತೆರಿಗೆ ರದ್ದಾದದ್ದು 2024ರ ಡಿಸೆಂಬರ್‌ನಲ್ಲಿ.

ಇನ್ನೊಂದು ಹೋಲಿಕೆ ನೋಡಿ. 2014ರ ಜೂನ್‌ನಲ್ಲಿ ಮೂಲ ಬೆಲೆ 450 ರೂಪಾಯಿ ದಾಟಿತ್ತು. 2016ರ ಬೋನಸ್‌ಗೆ ಹೊಂದಿಸಿದರೆ ಅದು 300. ಅಂದರೆ 2024ರಲ್ಲಿ ಷೇರು ದಾಟಿದ್ದು ಹತ್ತು ವರ್ಷ ಹಿಂದೆಯೇ ಮುಟ್ಟಿದ್ದ ಎತ್ತರವನ್ನು. ಹಳೆಯ ಬೆಲೆ ನಾಳಿನ ಬೆಲೆಯನ್ನು ಹೇಳುವುದಿಲ್ಲ. ಎಷ್ಟು ಕಾಲ ಕಾಯಬೇಕಾಗಬಹುದು ಎಂಬುದನ್ನು ಮಾತ್ರ ಕಲಿಸುತ್ತದೆ.

ತೆರಿಗೆಗೆ ಯಾವ ಬೆಲೆ?

ಹೆಚ್ಚಿನ ತಪ್ಪುಗಳು ಆಗುವುದು ಇಲ್ಲಿ. 83 ರೂಪಾಯಿ 33 ಪೈಸೆ ಬೆಳವಣಿಗೆ ತಿಳಿಯಲು ಸರಿ, ತೆರಿಗೆಗೆ ಸಲ್ಲದು. ಕಾನೂನಿನ ಪ್ರಕಾರ ಬೋನಸ್ ಷೇರಿನ ಖರೀದಿ ವೆಚ್ಚ ಸೊನ್ನೆ. ಮೇಲಿನ ಉದಾಹರಣೆಯಲ್ಲಿ 75,000 ರೂಪಾಯಿ ಸೇರುವುದು ಮೂಲ 100 ಷೇರುಗಳಿಗೆ, ಅಂದರೆ ಮುಖಬೆಲೆ ಒಡೆದ ಮೇಲಿನ 200 ಷೇರುಗಳಿಗೆ ಮಾತ್ರ. ತಲಾ 375 ರೂಪಾಯಿ. ಉಳಿದ 700 ಬೋನಸ್ ಷೇರುಗಳು.

ಆದರೆ 2018ರ ಜನವರಿ 31ಕ್ಕೆ ಮೊದಲೇ ಕೈಯಲ್ಲಿದ್ದ ಷೇರುಗಳಿಗೆ ಒಂದು ರಕ್ಷಣೆ ಇದೆ. ಆ ದಿನ ವಿನಿಮಯ ಕೇಂದ್ರದಲ್ಲಿ ನಡೆದ ಗರಿಷ್ಠ ಬೆಲೆ ಮತ್ತು ಮಾರಿದ ಬೆಲೆ, ಇವೆರಡರಲ್ಲಿ ಕಡಿಮೆಯದನ್ನು ತೆಗೆದುಕೊಳ್ಳಬೇಕು. ಅದನ್ನು ನಿಜವಾದ ಖರೀದಿ ವೆಚ್ಚದೊಂದಿಗೆ ಹೋಲಿಸಿ ಹೆಚ್ಚಿನದನ್ನು ವೆಚ್ಚವೆಂದು ತೋರಿಸಬಹುದು. 700 ಬೋನಸ್ ಷೇರುಗಳೂ ಆ ದಿನಕ್ಕೆ ಮೊದಲೇ ಬಂದವಾದ್ದರಿಂದ ಅವುಗಳ ವೆಚ್ಚ ಸೊನ್ನೆಯಾಗಿ ಉಳಿಯುವುದಿಲ್ಲ. 200 ಮೂಲ ಷೇರುಗಳಿಗೆ 375 ರೂಪಾಯಿಯೇ ಉಳಿಯುತ್ತದೆ, ಏಕೆಂದರೆ ಆ ದಿನದ ಬೆಲೆ ಅದಕ್ಕಿಂತ ಬಹಳ ಕೆಳಗಿತ್ತು.

ಎಲ್ಲ ಕಂಪನಿಗಳಿಗೂ ಇದೇ ಲೆಕ್ಕ ಹೊಂದುವುದಿಲ್ಲ. ವಿದ್ಯುತ್ ಕಂಪನಿ ಎನ್‌ಟಿಪಿಸಿ 2019ರಲ್ಲಿ ಐದಕ್ಕೆ ಒಂದು ಬೋನಸ್ ಕೊಟ್ಟಿತು. ಅದು 2018ರ ನಂತರ ಬಂದದ್ದರಿಂದ ಆ ಬೋನಸ್ ಷೇರಿನ ವೆಚ್ಚ ಸೊನ್ನೆಯೇ. ಉಳಿದ ಷೇರುಗಳಿಗೆ 2018ರ ಜನವರಿ 31ರ ಮೂಲ ಬೆಲೆ ಬೇಕು. ಆ್ಯಪ್‌ನಲ್ಲಿ ಸಿಗುವ ಹೊಂದಾಣಿಕೆಯ ಬೆಲೆ ಹಾಕಿದರೆ ತೆರಿಗೆ ಹೆಚ್ಚು ಕಟ್ಟಿದಂತಾಗುತ್ತದೆ.

ಹನ್ನೆರಡು ತಿಂಗಳು ಮೀರಿ ಇಟ್ಟುಕೊಂಡು ಪೇಟೆಯಲ್ಲಿ ಮಾರಿದ ಷೇರುಗಳ ಲಾಭಕ್ಕೆ, 2024ರ ಜುಲೈ 23ರಿಂದ ಶೇ 12.5ರ ತೆರಿಗೆ ಇದೆ. ವರ್ಷಕ್ಕೆ 1.25 ಲಕ್ಷ ರೂಪಾಯಿವರೆಗಿನ ಇಂಥ ಲಾಭಕ್ಕೆ ತೆರಿಗೆ ಇಲ್ಲ. ಹಳೆಯ ಷೇರು ಮಾರುವ ಮೊದಲು ಲೆಕ್ಕ ಪರಿಶೋಧಕರಿಗೆ ಪತ್ರಗಳನ್ನು ತೋರಿಸುವುದು ಒಳ್ಳೆಯದು.

ಪಾಲು ಮತ್ತು ದಾನದ ಸಂದರ್ಭ

ಹಿರಿಯರಿಂದ ಬಂದ ಷೇರಿಗೆ ಅವರು ತೀರಿಕೊಂಡ ದಿನದ ಬೆಲೆಯನ್ನು ವೆಚ್ಚವಾಗಿ ತೋರಿಸುವ ಪರಿಪಾಠ ಕೆಲವೆಡೆ ಇದೆ. ಅದು ಸರಿಯಲ್ಲ. ಹಿರಿಯರು ಕೊಟ್ಟ ಬೆಲೆಯೇ ವಾರಸುದಾರರ ವೆಚ್ಚ, ಹಿರಿಯರು ಕೊಂಡ ದಿನದಿಂದಲೇ ಅವಧಿಯ ಎಣಿಕೆ. ಪಾಲು ಮಾಡುವಾಗ ಬೆಲೆ ಕಟ್ಟಿ ಹಂಚುವುದಕ್ಕಿಂತ ಷೇರುಗಳನ್ನು ಸಂಖ್ಯೆಯಲ್ಲೇ ಹಂಚಿದರೆ ಮನಸ್ತಾಪ ಕಡಿಮೆ. ಒಬ್ಬರಿಗೆ ಷೇರು, ಇನ್ನೊಬ್ಬರಿಗೆ ಹಣ ಎಂದಾದರೆ, ಯಾವ ದಿನದ ಮುಕ್ತಾಯದ ಬೆಲೆ ಎಂಬುದನ್ನು ಮೊದಲೇ ಒಪ್ಪಿ ಬರೆದಿಡಬೇಕು.

ಕಾಗದದ ಷೇರು ಪತ್ರ ಸಿಕ್ಕರೆ ಅದರ ಮೇಲಿನ ಸಂಖ್ಯೆಯನ್ನೇ ಕೊನೆಯೆಂದು ತಿಳಿಯಬಾರದು. ಆಮೇಲಿನ ಬೋನಸ್ ಷೇರುಗಳು ಬೇರೆ ಪತ್ರಗಳಲ್ಲಿ ಇರಬಹುದು. ಸತತ ಏಳು ವರ್ಷ ಲಾಭಾಂಶ ಪಡೆಯದಿದ್ದರೆ ಷೇರುಗಳು ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿಗೆ ಹೋಗಿರುತ್ತವೆ. ಅಲ್ಲಿಂದ ಅರ್ಜಿ ಹಾಕಿ ಮರಳಿ ಪಡೆಯಲು ಅವಕಾಶವಿದೆ. 2019ರ ಏಪ್ರಿಲ್ 1ರಿಂದ ಕಾಗದದ ಷೇರುಗಳ ಮಾರಾಟ ವರ್ಗಾವಣೆ ನಿಂತಿರುವುದರಿಂದ, ಮಾರುವ ಮೊದಲು ಡಿಮ್ಯಾಟ್ ಮಾಡಿಸಲೇಬೇಕು.

ಬಸದಿಗೆ ಅಥವಾ ವಿದ್ಯಾದಾನಕ್ಕೆ ಷೇರನ್ನೇ ಕೊಟ್ಟರೆ ಆದಾಯ ತೆರಿಗೆಯಲ್ಲಿ ದಾನದ ವಿನಾಯಿತಿ ಸಿಗದು. ಅದು ಹಣದ ರೂಪದ ದಾನಕ್ಕೆ ಮಾತ್ರ. ಪರಿಗ್ರಹ ಪರಿಮಾಣ ವ್ರತದ ಮಿತಿಯನ್ನು ರೂಪಾಯಿಯಲ್ಲಿ ಹಾಕಿಕೊಂಡ ಶ್ರಾವಕರು ಯಾವ ದಿನದ ಬೆಲೆಯ ಲೆಕ್ಕ ಎಂಬುದನ್ನೂ ಬರೆದಿಟ್ಟರೆ ಗೊಂದಲವಿಲ್ಲ. ಇನ್ನು, ಶ್ರಾವಕರು ಬಿಡಬೇಕೆಂದು ಹೇಳಿದ ಹದಿನೈದು ಕರ್ಮಾದಾನಗಳಲ್ಲಿ ಅಂಗಾರಕರ್ಮ ಮತ್ತು ಸ್ಫೋಟಕರ್ಮ ಇರುವುದರಿಂದ, ಕಲ್ಲಿದ್ದಲು ಮತ್ತು ತೈಲದ ಷೇರು ಇಟ್ಟುಕೊಳ್ಳುವುದು ಸರಿಯೇ ಎಂದು ಕೇಳುವವರೂ ಇದ್ದಾರೆ. ಆ ತೀರ್ಮಾನ ಮನೆಯವರದ್ದು ಮತ್ತು ಗುರುಗಳದ್ದು. ಬೆಲೆಪಟ್ಟಿ ಅದಕ್ಕೆ ಉತ್ತರ ಕೊಡುವುದಿಲ್ಲ.

ಮನೆಯ ಪುಸ್ತಕದಲ್ಲಿ ಇರಬೇಕಾದದ್ದು

ಮಹಾವೀರ ನಿರ್ವಾಣದ ದೀಪಾವಳಿಯಂದು ಲೆಕ್ಕದ ಪುಸ್ತಕ ತೆರೆಯುವ ಮನೆಗಳು ಪ್ರತಿ ಷೇರಿಗೂ ಒಂದು ಪುಟ ಮೀಸಲಿಡಬಹುದು:

• ಕೊಂಡ ದಿನ, ಸಂಖ್ಯೆ, ಕೊಟ್ಟ ಮೂಲ ಬೆಲೆ
• ಬೋನಸ್ ಮತ್ತು ಮುಖಬೆಲೆ ಬದಲಾದ ದಿನಗಳು, ಆಮೇಲಿನ ಸಂಖ್ಯೆ
• 2018ರ ಜನವರಿ 31ರ ಗರಿಷ್ಠ ಮೂಲ ಬೆಲೆ
• ವರ್ಷವರ್ಷದ ಲಾಭಾಂಶ
• ಯಾರ ಹೆಸರಿನಲ್ಲಿದೆ, ನಾಮಿನಿ ಯಾರು

ಈ ಐದು ಸಾಲು ಇದ್ದರೆ, ಮುಂದಿನ ತಲೆಮಾರು 750 ಮತ್ತು 300ರ ನಡುವೆ ಇಲ್ಲದ ನಷ್ಟವನ್ನು ಹುಡುಕುತ್ತ ಕೂರಬೇಕಾಗುವುದಿಲ್ಲ.